ಓದುಗರ ಪ್ರಶ್ನೆ: ಎ.ಕೆ. ಹಂಗಲ್ ನಮ್ಮ ಹಾನಗಲ್ಲಿನವರಾ?

ಹಿಂದಿ ಸಿನಿಮಾದ ಪೋಷಕ ನಟರ ಬಗ್ಗೆ ಹೋದ ತಿಂಗಳು ಈ ಅಂಕಣದಲ್ಲಿ ನಾಲ್ಕು ಮಾತು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಬ್ಬರ ಬಗ್ಗೆಯೇ ಇದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಎ.ಕೆ. ಹಂಗಲ್ ಅವರಿಗೆ. ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ: ಮಾಟುಂಗದಲ್ಲಿ ಹೊಲಿಗೆ ನನ್ನ ಕಸುಬು. ಮುಂಬೈಯ ಹವ್ಯಾಸಿ ಕನ್ನಡ ನಾಟಕಗಳಿಗೆ ಬಟ್ಟೆ ಹೊಲಿಯುತ್ತೇನೆ. ಅಮ್ಮ, ಅತ್ತೆ, ಅಜ್ಜಿ ಪಾತ್ರ ಬಂದರೆ ಬಣ್ಣವನ್ನೂ ಹಚ್ಚುತ್ತೇನೆ.

ಅಕ್ಕಾ, ನಮ್ಮದು ಹಾವೇರಿ ಕಡೆ. ಎ.ಕೆ. ಹಂಗಲ್ ನಮ್ಮ ಹಾನಗಲ್ಲಿನವರು, ಗಂಗೂಬಾಯಿ ಹಾನಗಲ್ ಅವರ ಸಂಬಂಧಿಕರು ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಿಜವಾ?
*ಡೊಂಬಿವಲಿಯ ಓದುಗರೊಬ್ಬರು*

ಇಲ್ಲ. ಮುಂಬೈಯ ಎಷ್ಟೋ ಕನ್ನಡ ಮನೆಗಳಲ್ಲಿ ಇದೇ ನಂಬಿಕೆ ಇದೆ. ಹೆಸರು ಕೇಳಿದರೆ ಹಾಗೆ ಅನಿಸುವುದು ಸಹಜ. ಆದರೆ ಅವರದು ಕಾಶ್ಮೀರಿ ಪಂಡಿತರ ಮನೆತನ. ಪೂರ್ತಿ ಹೆಸರು ಅವತಾರ್ ಕಿಶನ್ ಹಂಗಲ್. ಹುಟ್ಟಿದ್ದು ಸಿಯಾಲ್‌ಕೋಟ್‌ನಲ್ಲಿ. ಹುಡುಗನಾಗಿ ಬೆಳೆದದ್ದು, ಯೌವನ ಕಳೆದದ್ದು ಪೇಶಾವರದಲ್ಲಿ. ಈಗ ಎರಡೂ ಊರು ಪಾಕಿಸ್ತಾನದಲ್ಲಿವೆ.

1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಬ್ರಿಟಿಷ್ ಸೇನೆ ನಿರಾಯುಧ ಜನರ ಮೇಲೆ ಗುಂಡು ಹಾರಿಸಿತು. ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನರ ಚಳವಳಿಯ ಕಾಲ ಅದು. ಅಂಥ ಊರಲ್ಲಿ ಬೆಳೆದ ಹುಡುಗ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದದ್ದರಲ್ಲಿ ಏನು ಆಶ್ಚರ್ಯ? ಅಪ್ಪ ಸರ್ಕಾರಿ ನೌಕರರು. ಮಗ ಕಲಿತದ್ದು ದರ್ಜಿ ಕೆಲಸ. 1936ರಲ್ಲಿ ಪೇಶಾವರದಲ್ಲೇ ಒಂದು ನಾಟಕ ತಂಡ ಸೇರಿದರು. ಅಪ್ಪ ನಿವೃತ್ತರಾದ ಮೇಲೆ ಮನೆಯವರೆಲ್ಲ ಕರಾಚಿಗೆ ಹೋದರು. ಅಲ್ಲಿ ಕಮ್ಯೂನಿಸ್ಟ್ ಪಕ್ಷದ ಕೆಲಸ, ಕಾರ್ಮಿಕರ ಕೆಲಸ. ದೇಶ ಎರಡಾದ ಮೇಲೆ ಜೈಲು. ಬಿಡುಗಡೆಯಾಗಿ 1949ರಲ್ಲಿ ಮುಂಬೈಗೆ ಬಂದರು. ಆಗ ಅವರಿಗೆ ಮೂವತ್ತೈದರ ಆಸುಪಾಸು. ಕೈಯಲ್ಲಿದ್ದ ವಿದ್ಯೆ ಹೊಲಿಗೆಯೊಂದೇ, ಅದರಿಂದಲೇ ಸಂಸಾರ ನಡೆಯಿತು.

ಅವರು ನಮ್ಮ ಹಾನಗಲ್ಲಿನವರಲ್ಲ ಎಂದು ನಿಮ್ಮ ಮನೆಯವರಿಗೆ ಬೇಸರವಾದರೆ ಇನ್ನೊಂದು ಮಾತು ಹೇಳಿ. ಅವರನ್ನು ದೇಶಕ್ಕೆಲ್ಲ ಪರಿಚಯಿಸಿದ ‘ಶೋಲೆ’ ಚಿತ್ರೀಕರಣವಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಸಂಬಂಧ ಅಷ್ಟಾದರೂ ಇದೆ.

ಆಂಟೀ, ಶೋಲೆ ತಾತನಿಗೆ ನಿಜವಾಗಲೂ ಕಣ್ಣು ಕಾಣುತ್ತಿರಲಿಲ್ಲವಾ?
*ವಸಾಯಿಯ ಆರನೇ ಕ್ಲಾಸಿನ ಹುಡುಗಿ*

ಕಾಣುತ್ತಿತ್ತು ಮರಿ. ಚೆನ್ನಾಗಿ ಕಾಣುತ್ತಿತ್ತು. ನೀನು ನಂಬಿಬಿಟ್ಟೆ ಅಂದರೆ ಅವರು ಅಷ್ಟು ಚೆನ್ನಾಗಿ ಮಾಡಿದ್ದಾರೆ.

ಇವರನ್ನು ಯಾರು ನೆನೆಸಿಕೊಂಡರೂ ಶೋಲೆಯ ಆ ಒಂದು ಸಾಲನ್ನೇ ಹೇಳುತ್ತಾರೆ. ಮೊಬೈಲ್‌ನಲ್ಲಿ ಅದರದೇ ತಮಾಷೆ ಚಿತ್ರಗಳು. ಇಷ್ಟು ದೊಡ್ಡ ನಟನಿಗೆ ಅಷ್ಟೇನಾ ಉಳಿದದ್ದು?
*ಕಾಂದಿವಲಿಯ ಕಾಲೇಜು ವಿದ್ಯಾರ್ಥಿ*

ನಿಮಗೆ ಅನಿಸಿದ ಬೇಸರ ನನಗೂ ಇದೆ. ಆದರೆ ಆ ಸಾಲನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅದು ಎಲ್ಲಿ ಬರುತ್ತದೆ ಎಂದು ಸರಿಯಾಗಿ ನೋಡಿ.

ಶೋಲೆಯಲ್ಲಿ ಹಂಗಲ್ ಕಣ್ಣು ಕಾಣದ ಇಮಾಮರು. ಅವರ ಮಗ ಅಹ್ಮದ್ ಕೆಲಸಕ್ಕೆಂದು ಊರು ಬಿಟ್ಟು ಹೊರಟವನು. ಗಬ್ಬರ್ ಅವನನ್ನು ಕೊಂದು, ಹೆಣವನ್ನು ಕುದುರೆಯ ಮೇಲೆ ಊರಿಗೆ ಕಳಿಸಿದ್ದಾನೆ. ಊರವರೆಲ್ಲ ಸುತ್ತ ನಿಂತಿದ್ದಾರೆ. ಒಬ್ಬರ ಬಾಯಲ್ಲೂ ಮಾತಿಲ್ಲ. ಕಣ್ಣು ಕಾಣದ ಅಪ್ಪ ಕೋಲು ಊರಿಕೊಂಡು ಬರುತ್ತಾರೆ. ಯಾಕಪ್ಪಾ ಇಷ್ಟು ಮೌನ ಎಂದು ಕೇಳುತ್ತಾರೆ. ಆ ಊರಿನ ದಿನದಿನದ ಸದ್ದು ಅವರ ಕಿವಿಗೆ ಪಾಠವಾಗಿದೆ. ಅದು ನಿಂತುಹೋಗಿದ್ದು ಅವರಿಗೆ ತಕ್ಷಣ ಗೊತ್ತಾಗಿದೆ. ನೋಡುತ್ತಿರುವ ನಮಗೆ ಎಲ್ಲ ಗೊತ್ತು, ಅವರಿಗೆ ಗೊತ್ತಿಲ್ಲ. ಆ ಪ್ರಶ್ನೆಯನ್ನು ಅವರು ಗಾಬರಿಯಿಂದ ಕೇಳುವುದಿಲ್ಲ. ಪರಿಚಯದವರನ್ನು ದಾರಿಯಲ್ಲಿ ಮಾತಾಡಿಸುವ ಹಾಗೆ ಕೇಳುತ್ತಾರೆ. ಅಲ್ಲಿ ದನಿ ಎತ್ತಿದ್ದರೆ ಕೆಟ್ಟುಹೋಗುತ್ತಿತ್ತು.

ಹಂಗಲ್ ಕೇಳಿಸಿಕೊಳ್ಳುವ ನಟ. ಹಿಂದಿ ಸಿನಿಮಾದಲ್ಲಿ ಚೆನ್ನಾಗಿ ಮಾತಾಡುವವರು ಬೇಕಾದಷ್ಟು ಜನ ಇದ್ದರು. ಇನ್ನೊಬ್ಬರು ಮಾತಾಡುವಾಗ ಇಷ್ಟು ಚೆನ್ನಾಗಿ ಕೇಳಿಸಿಕೊಂಡವರು ಕಡಿಮೆ. ಅದೇ ವರ್ಷ, 1975ರಲ್ಲಿ ಬಂದ ‘ದೀವಾರ್’ ನೋಡಿ. ಬ್ರೆಡ್ ಕದ್ದು ಓಡುತ್ತಿದ್ದ ಹುಡುಗನ ಕಾಲಿಗೆ ಪೊಲೀಸ್ ಅಧಿಕಾರಿ ಶಶಿ ಕಪೂರ್ ಗುಂಡು ಹೊಡೆದಿರುತ್ತಾನೆ. ಆಮೇಲೆ ಮನಸ್ಸು ತಡೆಯದೆ ಊಟ ಹಿಡಿದುಕೊಂಡು ಅವರ ಮನೆಗೆ ಹೋಗುತ್ತಾನೆ. ಹುಡುಗನ ಅಮ್ಮ ಬಾಯಿಗೆ ಬಂದ ಹಾಗೆ ಬೈಯುತ್ತಾಳೆ. ಅಪ್ಪ ಸುಮ್ನೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಾರೆ. ಹೆಂಡತಿಯ ಸಂಕಟವೂ ಅವರಿಗೆ ಗೊತ್ತು, ಬಂದವನ ಸಂಕಟವೂ ಗೊತ್ತು. ಕೊನೆಗೆ ಬಾಯಿ ತೆರೆದು, ಕಳ್ಳತನ ಸಣ್ಣದಾದರೂ ಕಳ್ಳತನವೇ ಎನ್ನುತ್ತಾರೆ. ಇಂಥ ಮಾತು ಹೇಳುವ ಈತ ಯಾರೆಂದು ನೋಡಿದರೆ ನಿವೃತ್ತ ಶಾಲಾ ಮೇಷ್ಟ್ರು.

ಇಡೀ ಸಿನಿಮಾದಲ್ಲಿ ಅವರಿಗಿರುವುದು ಅದೊಂದೇ ದೃಶ್ಯ. ಕಳ್ಳಸಾಗಣೆಗೆ ಇಳಿದ ಸ್ವಂತ ಅಣ್ಣನನ್ನೇ ಹಿಡಿಯಬೇಕೇ ಎಂದು ಒದ್ದಾಡುತ್ತಿದ್ದ ಆ ಪೊಲೀಸ್ ಅಧಿಕಾರಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಆ ದೃಶ್ಯದ ನಂತರವೇ. ಅಷ್ಟು ದೊಡ್ಡ ಕಥೆಯ ದಾರಿ ಬದಲಾಗುವುದು ಈ ಬಡ ಮೇಷ್ಟ್ರ ಮನೆಯಲ್ಲಿ. ಕನ್ನಡದವರಿಗೆ ಹೇಳಬೇಕೆಂದರೆ, ‘ನಾಗರಹಾವು’ ಸಿನಿಮಾದಲ್ಲಿ ಕೆ.ಎಸ್. ಅಶ್ವತ್ಥ್ ಅವರು ಚಾಮಯ್ಯ ಮೇಷ್ಟ್ರಾಗಿ ನಿಂತಾಗ ನಮಗೆ ಯಾವ ನಂಬಿಕೆ ಬರುತ್ತದೋ, ಅದೇ ನಂಬಿಕೆ ಇಲ್ಲಿ ಕೆಲವೇ ನಿಮಿಷಗಳಲ್ಲಿ ಬರುತ್ತದೆ.

ಈ ಗುಣ ಎಲ್ಲಿಂದ ಬಂತು? ಒಂದು, ನಾಟಕ ತಂಡದಿಂದ. ಮುಂಬೈಗೆ ಬಂದ ಮೇಲೆ ಅವರು ಇಪ್ಟಾ ಸೇರಿದರು. 1943ರಲ್ಲಿ ಇದೇ ಮುಂಬೈಯಲ್ಲಿ ಶುರುವಾದ ಜನರ ನಾಟಕ ಚಳವಳಿ ಅದು. ಕರ್ನಾಟಕದಲ್ಲಿ ‘ಸಮುದಾಯ’ ತಂಡದ ನಾಟಕ ನೋಡಿದವರಿಗೆ ಅದರ ರೀತಿ ಗೊತ್ತಿರುತ್ತದೆ. ಬಲರಾಜ್ ಸಾಹನಿ, ಕೈಫಿ ಆಜ್ಮಿ ಇವರ ಒಡನಾಡಿಗಳು. ಅಂಥ ತಂಡದಲ್ಲಿ ಹೀರೋ ಒಬ್ಬನೇ ಮುಂದೆ ನಿಲ್ಲುವ ಪದ್ಧತಿ ಇರುವುದಿಲ್ಲ. ಇವತ್ತು ದೊಡ್ಡ ಪಾತ್ರ ಮಾಡಿದವರು ನಾಳೆ ಗುಂಪಿನಲ್ಲಿ ನಿಲ್ಲಬೇಕು. ಇನ್ನೊಂದು, ನನ್ನ ಊಹೆ, ಹೊಲಿಗೆಯಿಂದ. ಅಳತೆ ತೆಗೆಯುವವನು ಎದುರಿಗೆ ನಿಂತವರ ಭುಜ ಯಾವ ಕಡೆ ಇಳಿದಿದೆ, ಬೆನ್ನು ಎಷ್ಟು ಬಾಗಿದೆ ಎಂದು ಬಾಯಿ ಮುಚ್ಚಿಕೊಂಡು ನೋಡಬೇಕು. ಗಿರಾಕಿ ತನ್ನ ಮೈ ಬಗ್ಗೆ ಹೇಳುವುದು ಒಂದು, ಟೇಪು ಹೇಳುವುದು ಇನ್ನೊಂದು. ಸೂಟು ಹೊಲಿದ ಕೈ ಅವರದು. ವರ್ಷಗಟ್ಟಲೆ ಮನುಷ್ಯರನ್ನು ಹಾಗೆ ಹತ್ತಿರದಿಂದ ನೋಡಿದವರು ಕ್ಯಾಮೆರಾ ಮುಂದೆ ಸುಮ್ಮನೆ ನಿಂತರೂ ಅದರಲ್ಲಿ ಏನೋ ಇರುತ್ತದೆ.

ನಮ್ಮ ಕಂಪನಿಯ ಕನ್ನಡ ಬಳಗದ ರಾಜ್ಯೋತ್ಸವ ನಾಟಕದಲ್ಲಿ ನನಗೆ ಅಪ್ಪನ ಪಾತ್ರ. ಮೂರು ದೃಶ್ಯದಲ್ಲಿ ರಂಗದ ಮೇಲೆ ಇರಬೇಕು, ಮಾತು ಹತ್ತು ಸಾಲೂ ಇಲ್ಲ. ಕೈ ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ ಅಕ್ಕಾ.
*ಪುಣೆಯ ಭೋಸರಿಯಿಂದ*

ನಿಮಗೆ ಸಿಕ್ಕಿರುವುದು ಒಳ್ಳೆಯ ಪಾತ್ರ. ಮೊದಲು ನಿಮ್ಮ ಸಾಲು ಬದಿಗಿಡಿ. ಉಳಿದವರ ಸಾಲು ಬಾಯಿಪಾಠ ಮಾಡಿ. ಅಪ್ಪನಿಗೆ ಯಾವ ಮಾತು ಮೊದಲ ಸಲ ಕಿವಿಗೆ ಬೀಳುತ್ತಿದೆ, ಯಾವುದು ಹಳೆಯದು ಎಂದು ಗುರುತು ಹಾಕಿಕೊಳ್ಳಿ. ಹಳೆಯ ಮಾತಿಗೆ ಅವನು ತಲೆ ಎತ್ತುವುದಿಲ್ಲ. ಹೊಸದಕ್ಕೆ ಮಾತ್ರ ಎತ್ತುತ್ತಾನೆ. ಪ್ರತಿ ಸಾಲಿಗೂ ತಲೆ ಆಡಿಸಬೇಡಿ, ಹವ್ಯಾಸಿಗಳು ಜಾಸ್ತಿ ಕೆಡುವುದು ಇಲ್ಲೇ.

ಕೈಗೆ ಒಂದು ಕೆಲಸ ಕೊಡಿ. ಟವೆಲ್ ಮಡಿಚುವುದೋ, ಕನ್ನಡಕ ಒರೆಸುವುದೋ, ಅಡಿಕೆ ಕತ್ತರಿಸುವುದೋ. ಮಗಳು ಮುಖ್ಯವಾದ ಮಾತು ಹೇಳಿದಾಗ ಆ ಕೆಲಸ ನಿಲ್ಲಲಿ. ಅಷ್ಟೇ ಸಾಕು, ಹಿಂದಿನ ಸಾಲಿನವರಿಗೂ ತಲುಪುತ್ತದೆ. ಪ್ರೇಕ್ಷಕರ ಕಡೆ ಮುಖ ತಿರುಗಿಸಿ ದುಃಖ ತೋರಿಸಬೇಡಿ. ಮಗಳನ್ನು ನೋಡಿ.

ಬಟ್ಟೆ ವಿಷಯ ನನ್ನದೇ ಕಸುಬು, ಸ್ವಲ್ಪ ಹೆಚ್ಚು ಹೇಳುತ್ತೇನೆ. ಪಂಚೆ ಉಡಬೇಕಿದ್ದರೆ ತಾಲೀಮಿನ ಮೊದಲ ದಿನದಿಂದಲೇ ಉಡಿ. ಪ್ರದರ್ಶನದ ಸಂಜೆ ಹೊಸದಾಗಿ ಉಟ್ಟವರ ನಡಿಗೆಯಲ್ಲೇ ಗೊತ್ತಾಗುತ್ತದೆ. ಅಂಗಿಯ ಕಾಲರ್ ನಿಮ್ಮ ಅಳತೆಗಿಂತ ದೊಡ್ಡದಿರಲಿ. ಕತ್ತು ಸಣ್ಣಗೆ ಕಂಡು ವಯಸ್ಸು ತಾನಾಗಿ ಬರುತ್ತದೆ. ತಲೆಗೆ ಪೌಡರ್ ಸುರಿದುಕೊಳ್ಳಬೇಡಿ. ಮಗ ತಬ್ಬಿಕೊಂಡಾಗ ಮೋಡ ಎದ್ದರೆ ಜನ ನಗುತ್ತಾರೆ, ನಿಮ್ಮ ದೃಶ್ಯ ಹೋಯಿತು. ಕಿವಿಯ ಹತ್ತಿರ, ಹುಬ್ಬಿನ ಮೇಲೆ ಸ್ವಲ್ಪ ಬಿಳಿ ಸಾಕು. ಚಪ್ಪಲಿ ಹಳೆಯದೇ ಹಾಕಿ.

ತಾಲೀಮಿನ ನಡುವೆ ಒಂದು ಭಾನುವಾರ ‘ಚಿತ್‌ಚೋರ್’ ನೋಡಿ. 1976ರದ್ದು. ಮುಂಬೈಯಿಂದ ಎಂಜಿನಿಯರ್ ವರ ಬರುತ್ತಾನೆಂದು ಕಾದಿದ್ದ ಮನೆಗೆ ಬೇರೊಬ್ಬ ಬಂದುಬಿಡುತ್ತಾನೆ. ಹಂಗಲ್ ಹುಡುಗಿಯ ಅಪ್ಪ, ದೀನಾ ಪಾಠಕ್ ಅಮ್ಮ. ಆಕೆಯೂ ಇಪ್ಟಾದವರೇ. ಅಮ್ಮ ಮನೆ ತುಂಬ ಓಡಾಡುತ್ತ ಮಾತಾಡುತ್ತಿದ್ದರೆ, ಅಪ್ಪ ಮಗಳ ಮುಖ ಗಮನಿಸುತ್ತಾರೆ. ನಿಮಗೆ ಬೇಕಾದ ಪಾಠ ಅದರಲ್ಲಿದೆ.

ಗೋವಾದಲ್ಲಿ ನಡೆಯುವ ಒಂದು ಹಳೇ ಸಿನಿಮಾದಲ್ಲಿ ಹಂಗಲ್ ಹುಡುಗಿಯ ಹಿಂದೆ ಬೀಳುವ ಮುದುಕ. ನಮ್ಮ ಮನೆಯವರಿಗೆ ನೋಡಲಾಗಲಿಲ್ಲ, ಟೀವಿ ಆರಿಸಿದರು. ಇಂಥ ಪಾತ್ರ ಅವರಿಗೆ ಬೇಕಿತ್ತಾ?
*ವಾಸ್ಕೋದಿಂದ ಒಬ್ಬ ಓದುಗರು*

ಬೇಕಿತ್ತು! ನೀವು ಹೇಳುತ್ತಿರುವುದು 1982ರ ‘ಶೌಕೀನ್’. ಬಾಸು ಚಟರ್ಜಿ ನಿರ್ದೇಶನ. ಅಶೋಕ್ ಕುಮಾರ್, ಉತ್ಪಲ್ ದತ್, ಹಂಗಲ್, ಮೂವರೂ ಮೋಜಿಗೆಂದು ಗೋವಾಕ್ಕೆ ಹೊರಟ ವಯಸ್ಸಾದವರು. ಕಾರು ಓಡಿಸುವ ಹುಡುಗ ಮಿಥುನ್ ಚಕ್ರವರ್ತಿ. ಗೋವಾದಲ್ಲಿ ರತಿ ಅಗ್ನಿಹೋತ್ರಿಯನ್ನು ನೋಡಿ ಮೂವರಿಗೂ ಆಸೆ.

ಅಷ್ಟು ಹೊತ್ತಿಗೆ ಹಂಗಲ್ ಎಂದರೆ ಒಳ್ಳೆಯ ಅಪ್ಪ, ಒಳ್ಳೆಯ ಮೇಷ್ಟ್ರು, ಬಡವ, ಪ್ರಾಮಾಣಿಕ. ಆ ಮುದ್ರೆ ಬಿದ್ದ ನಟನಿಗೆ ಬೇರೆ ಪಾತ್ರ ಯಾರೂ ಕೊಡುವುದಿಲ್ಲ. ಕೊಟ್ಟಾಗ ಅವರು ಹಿಂದೆ ಸರಿಯಲಿಲ್ಲ. ಆ ಮುದುಕನ ಆಸೆ, ಅಂಜಿಕೆ, ನಾಚಿಕೆ ಎಲ್ಲವನ್ನೂ ಮರೆಮಾಚದೆ ತೋರಿಸಿದರು. ಕೆಟ್ಟವನ ಹಾಗೆ ಅಲ್ಲ, ಒಂಟಿಯಾದ ಮನುಷ್ಯನ ಹಾಗೆ. ನಿಮ್ಮ ಮನೆಯವರಿಗೆ ಇರುಸುಮುರುಸಾದದ್ದು ನನಗೆ ಅರ್ಥವಾಗುತ್ತದೆ. ನಾವು ಮನಸ್ಸಿನಲ್ಲಿ ಅಪ್ಪ ಎಂದು ಕೂರಿಸಿದವರು ಹೀಗೆ ಕಂಡರೆ ಕಷ್ಟವೇ. ಆದರೆ ನನ್ನ ಪ್ರಕಾರ ಅವರ ಅತಿ ಧೈರ್ಯದ ಕೆಲಸ ಅದೇ. ಇನ್ನೊಂದು ಸಲ ನೋಡಿ, ಈ ಸಲ ಪೂರ್ತಿ.

ನನಗೆ ನಲವತ್ತೊಂಬತ್ತು. ನವಿ ಮುಂಬೈಯಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹಂಗಲ್ ಸಿನಿಮಾಕ್ಕೆ ಬಂದದ್ದೇ ಐವತ್ತರ ಹೊತ್ತಿಗೆ ಎಂದು ಓದಿದೆ. ಕೆಲಸ ಬಿಟ್ಟು ನಟನೆಗೆ ಇಳಿಯಲಾ?
*ನೆರುಳ್‌ನಿಂದ*

ನಟನೆಗೆ ಇಳಿಯಿರಿ. ಕೆಲಸ ಬಿಡಬೇಡಿ.

ನೀವು ಓದಿದ್ದು ಸರಿ. ಬಾಸು ಭಟ್ಟಾಚಾರ್ಯ ನಿರ್ದೇಶಿಸಿದ ‘ತೀಸ್ರಿ ಕಸಮ್’ ತೆರೆಗೆ ಬಂದದ್ದು 1966ರಲ್ಲಿ. ಅಲ್ಲಿಂದ ಅವರ ಸಿನಿಮಾ ಬದುಕು ಶುರು. ಆಮೇಲೆ ಇನ್ನೂರಕ್ಕೂ ಹೆಚ್ಚು ಸಿನಿಮಾ. ಆದರೆ ಅದರ ಹಿಂದಿನ ಲೆಕ್ಕವನ್ನೂ ನೋಡಿ. ಪೇಶಾವರದಲ್ಲಿ ತಂಡ ಸೇರಿದ್ದು 1936ರಲ್ಲಿ. ಅಂದರೆ ಮೂವತ್ತು ವರ್ಷ ನಾಟಕ ಮಾಡಿದ ಮೇಲೆ ಸಿನಿಮಾ. ಅಷ್ಟು ಕಾಲ ಅನ್ನ ಕೊಟ್ಟದ್ದು ಸೂಜಿ ದಾರ. ‘ನಮಕ್ ಹರಾಮ್’ನಲ್ಲಿ ಅವರು ಕಾರ್ಖಾನೆಯ ಕಾರ್ಮಿಕ ನಾಯಕ. ಮಾಲೀಕನ ಮಗ ಅವರ ಎದುರು ಕ್ಷಮೆ ಕೇಳಬೇಕಾಗಿ ಬರುತ್ತದೆ, ಕಥೆ ಹೊತ್ತಿಕೊಳ್ಳುವುದು ಅಲ್ಲಿ. ಆ ಮನುಷ್ಯ ಅಲ್ಲಿ ನಿಲ್ಲುವ ರೀತಿಯನ್ನು ಯಾರೂ ಹೇಳಿಕೊಟ್ಟಿಲ್ಲ. ಕರಾಚಿಯ ಬೀದಿ, ಕರಾಚಿಯ ಜೈಲು ಕಲಿಸಿದ್ದು.

ನಿಮ್ಮ ಹತ್ತಿರವೂ ಹಾಗೆ ಕಲಿತದ್ದು ಇರುತ್ತದೆ. ಇಪ್ಪತ್ತು ವರ್ಷ ಲೆಕ್ಕ ಬರೆದವರಿಗೆ ಸುಳ್ಳು ಬಿಲ್ಲು ತಂದವನ ಮುಖ ಹೇಗಿರುತ್ತದೆಂದು ಗೊತ್ತು, ಅಲ್ವಾ? ಅದನ್ನು ತಗೊಂಡು ಮೊದಲು ನಾಟಕಕ್ಕೆ ಬನ್ನಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಕಡೆ ಕನ್ನಡ ನಾಟಕ ನಡೆಯುವಾಗ ಹೋಗಿ ನೋಡಿ, ಮುಗಿದ ಮೇಲೆ ತಂಡದವರನ್ನು ಮಾತಾಡಿಸಿ. ಐವತ್ತರ ಗಂಡಸರು ತಾಲೀಮಿಗೆ ಸಿಗುವುದೇ ಕಷ್ಟ, ನಿಮ್ಮನ್ನು ಬಿಡುವುದಿಲ್ಲ. ಮರಾಠಿ ಬಂದರೆ ಇನ್ನೂ ಬಾಗಿಲು ತೆರೆಯುತ್ತದೆ.

ಕ್ಯಾಮೆರಾ ಕೆಲಸ ಬೇಕೆಂದರೆ ವರ್ಸೋವಾದ ಆರಾಮ್ ನಗರದಲ್ಲಿ ಆಡಿಷನ್‌ಗಳು ನಡೆಯುತ್ತವೆ. ಸೀರಿಯಲ್, ಜಾಹೀರಾತಿಗೆ ಅಪ್ಪ, ಡಾಕ್ಟರ್, ಜಡ್ಜ್ ಬೇಕೇ ಬೇಕು. ಮೇಕಪ್ ಇಲ್ಲದ ನಾಲ್ಕು ಸರಳ ಫೋಟೋ ಸಾಕು. ಹಿಂದಿಯ ಮಹಾಪ್ರಾಣ ತಿದ್ದಿಕೊಳ್ಳಿ, ನಮ್ಮ ಕಡೆಯವರಿಗೆ ಖ, ಘ, ಭ ಜಾರುತ್ತವೆ. ಪಾತ್ರ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ, ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. ಒಪ್ಪಿದ ಹಣವನ್ನು ಬರಹದಲ್ಲಿ ಪಡೆಯಿರಿ. ದುಡಿದ ದುಡ್ಡು ಕೈಗೆ ಬರಲು ಮೂರು ತಿಂಗಳು ಹಿಡಿಯುವುದು ಇಲ್ಲಿ ಮಾಮೂಲು. ಅದಕ್ಕೇ ಹೇಳಿದ್ದು, ಸಂಬಳ ಬರುವ ಕೆಲಸ ಇರಲಿ.

ಪದ್ಮಭೂಷಣ ಬಂದವರು, ಇನ್ನೂರು ಸಿನಿಮಾ ಮಾಡಿದವರು. ಕೊನೆಗಾಲದಲ್ಲಿ ಔಷಧಿಗೂ ದುಡ್ಡಿಲ್ಲ ಎಂಬ ಸ್ಥಿತಿ ಯಾಕೆ ಬಂತು?
*ಠಾಣೆಯ ನಿವೃತ್ತ ಬ್ಯಾಂಕ್ ಉದ್ಯೋಗಿ*

ಈ ಪ್ರಶ್ನೆಗೆ ಉತ್ತರಿಸುವಾಗ ನನಗೆ ಸಂಕಟವಾಗುತ್ತದೆ. ಬ್ಯಾಂಕಿನಲ್ಲಿದ್ದ ನಿಮಗೆ ಪೆನ್ಷನ್ ಇದೆ. ಪೋಷಕ ನಟನಿಗೆ ಅದಿಲ್ಲ. ದೃಶ್ಯ ಎಷ್ಟು ದಿನವೋ ಅಷ್ಟು ದಿನದ ಕೂಲಿ. ಸಿನಿಮಾ ವರ್ಷಗಟ್ಟಲೆ ಓಡಿದರೂ, ಟೀವಿಯಲ್ಲಿ ವಾರವಾರ ಬಂದರೂ ಮತ್ತೆ ಒಂದು ಪೈಸೆ ಬರುತ್ತಿರಲಿಲ್ಲ. ನಾಟಕದಿಂದ ದುಡ್ಡು ಬರಲಿ ಎಂದು ಅವರು ನಾಟಕ ಮಾಡಿದವರೂ ಅಲ್ಲ.

ಅದರ ಮೇಲೆ 1993. ಹುಟ್ಟಿದ ನಾಡು ನೋಡಬೇಕೆಂದು ಅವರು ವೀಸಾ ಕೇಳಿದ್ದರು. ಆಗ ಮುಂಬೈಯ ಪಾಕಿಸ್ತಾನಿ ದೂತಾವಾಸದಲ್ಲಿ ನಡೆದ ಅವರ ರಾಷ್ಟ್ರೀಯ ದಿನದ ಕಾರ್ಯಕ್ರಮಕ್ಕೆ ಹೋದರು. ಶಿವಸೇನೆಯ ಬಾಳ್ ಠಾಕ್ರೆ ಅವರನ್ನು ಬಹಿಷ್ಕರಿಸಲು ಕರೆ ಕೊಟ್ಟರು. ಗಲಭೆಯಿಂದ ನಗರ ಬೆಂದಿದ್ದ ವರ್ಷ ಅದು. ನಿರ್ಮಾಪಕರು ಹೆದರಿದರು. ಅವರಿದ್ದ ದೃಶ್ಯಗಳನ್ನೇ ಕತ್ತರಿಸಿದರು. ಸುಮಾರು ಎರಡು ವರ್ಷ ಕೆಲಸವಿಲ್ಲ. ಬ್ರಿಟಿಷರ ವಿರುದ್ಧ ನಿಂತವರು, ಕರಾಚಿಯಲ್ಲಿ ಜೈಲು ಕಂಡು ಇಲ್ಲಿಗೆ ಬಂದವರು, ಎಂಬತ್ತರ ಹತ್ತಿರ ಬಂದಾಗ ತಾನು ದೇಶದ್ರೋಹಿ ಅಲ್ಲ ಎಂದು ಹೇಳಿಕೊಳ್ಳಬೇಕಾಯಿತು. ಇದು ತಪ್ಪು. ಅಂದೂ ತಪ್ಪು, ಇಂದೂ ತಪ್ಪು.

ಆಮೇಲೆ ಮತ್ತೆ ಪಾತ್ರ ಬಂದವು. 2001ರ ‘ಲಗಾನ್’ನಲ್ಲಿ ಶಂಭು ಕಾಕಾ ಆಗಿ ಹೊಸ ಹುಡುಗರಿಗೂ ಪರಿಚಯವಾದರು. ಪದ್ಮಭೂಷಣ 2006ರಲ್ಲಿ. 2011ರಲ್ಲಿ ಅವರ ಕಾಯಿಲೆ, ಕಷ್ಟದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಜೊತೆಗಿದ್ದ ಮಗನಿಗೂ ವಯಸ್ಸಾಗಿತ್ತು. ಚಿತ್ರರಂಗದ ಕೆಲವರು, ರಾಜ್ಯ ಸರ್ಕಾರ ಸಹಾಯ ಮಾಡಿದರು. ಸಹಾಯ ಮಾಡಿದವರಿಗೆ ಕೈಮುಗಿಯುತ್ತೇನೆ. ಆದರೆ ದುಡಿದವರಿಗೆ ದಾನ ಸಿಗಬೇಕಾಗಿರಲಿಲ್ಲ, ಹಕ್ಕಿನ ದುಡ್ಡು ಸಿಗಬೇಕಿತ್ತು.

2012ರಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ‘ಮಧುಬಾಲಾ’ ಸೀರಿಯಲ್‌ನಲ್ಲಿ ಕಾಣಿಸಿಕೊಂಡರು. ಆ ಆಗಸ್ಟ್‌ನಲ್ಲಿ ಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. 26ರಂದು ತೀರಿಕೊಂಡರು. ತೊಂಬತ್ತೈದು ದಾಟಿತ್ತು. ಇಪ್ಟಾದ ಅಧ್ಯಕ್ಷರಾಗಿ ಕೊನೆಯವರೆಗೂ ಇದ್ದರು.

ಮಕ್ಕಳಿಗೆ ಅವರ ಸಿನಿಮಾ ತೋರಿಸಬೇಕು. ಯಾವುದರಿಂದ ಶುರು ಮಾಡಲಿ?
*ಮೀರಾ ರೋಡ್‌ನ ಗೃಹಿಣಿ*

ಸಣ್ಣ ಮಕ್ಕಳಿದ್ದರೆ ‘ಬಾವರ್ಚಿ’. 1972ರದ್ದು. ಸದಾ ಜಗಳವಾಡುವ ಕೂಡು ಕುಟುಂಬ, ಅಲ್ಲಿಗೆ ಅಡಿಗೆಯವನಾಗಿ ಬರುವ ರಾಜೇಶ್ ಖನ್ನಾ. ಹಂಗಲ್ ಆ ಮನೆಯ ಹಿರಿಯ ಮಗ, ದುರ್ಗಾ ಖೋಟೆ ಅವರ ಹೆಂಡತಿ. ಮಕ್ಕಳು ನಗುತ್ತಾರೆ, ನಿಮಗೂ ನಿಮ್ಮ ತವರುಮನೆಯ ಯಾರಾದರೂ ನೆನಪಾಗುತ್ತಾರೆ. ಹೈಸ್ಕೂಲು ಮಕ್ಕಳಿದ್ದರೆ ‘ಚಿತ್‌ಚೋರ್’, ಆಮೇಲೆ ‘ಅಭಿಮಾನ್’. ‘ದೀವಾರ್’ ನೋಡುವಾಗ ಮೇಷ್ಟ್ರ ಮನೆಯ ದೃಶ್ಯ ಬಂದರೆ ಯಾರೂ ಅಡಿಗೆಮನೆಗೆ ಎದ್ದು ಹೋಗಬೇಡಿ, ಬೇಗ ಮುಗಿದುಹೋಗುತ್ತದೆ. ‘ಶೌಕೀನ್’ ಅವರು ಕಾಲೇಜಿಗೆ ಹೋದ ಮೇಲೆ.